ನಾಲ್ಕಕ್ಕೊಂದು ಮರ

ಹೊಗಳಿಸಿಕೊಳ್ಳಲು ಸಿಂಗರಿಸಿಕೊಂಡು ನಿಂತವರು ಬೈಸಿಕೊಂಡು ಮನೆಗೆ ಹೋಗಬೇಕಾಗಿ ಬಂದರೆ ಮುಖ ಹೇಗಿರುತ್ತದೆ ಎಂದು ನೋಡುವ ಆಸೆ ನಿಮಗಿದ್ದರೆ, ಆ ದಿನ ನೀವು ಆ ಗುಡ್ಡದ ಬುಡದಲ್ಲಿ ಇರಬೇಕಿತ್ತು. ಅರವತ್ತು ಮನೆಯವರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಸಾಲಾಗಿ ನಿಂತಿದ್ದರು. ಕಟಿಂಗ್ ಶಾಪಿನವನು ಹಿಂದಿನ ದಿನವೇ ಊರಿನ ಗಂಡಸರ ತಲೆಗಳನ್ನೆಲ್ಲ ನುಣ್ಣಗೆ ಮಾಡಿ ಮುಗಿಸಿದ್ದ. ಬೇಕರಿಯವನು ಒಂದು ದೊಡ್ಡ ಕೇಕು ಮಾಡಿ, ಅದರ ಮೇಲೆ ಹಸಿರು ಕ್ರೀಮಿನಲ್ಲಿ ಮರಗಳನ್ನು ಬಿಡಿಸಿ ತಂದಿದ್ದ. ಮರಗಳು ಹೂಕೋಸಿನ ಥರ ಕಾಣುತ್ತಿದ್ದವು, ಅದು ಬೇರೆ ಮಾತು.

ಎಲ್ಲರಿಗಿಂತ ಮುಂದೆ ನಿಂತಿದ್ದವಳು ಟೈಲರಮ್ಮ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಅವಳದು. ಜೊತೆಗೆ ಕಾಡಿನ ಸಮಿತಿಯ ಕಾರ್ಯದರ್ಶಿ ಬೇರೆ. ಅವಸರದಲ್ಲಿ ಕತ್ತಿನಲ್ಲಿದ್ದ ಅಳತೆ ಟೇಪನ್ನು ತೆಗೆದಿಡುವುದನ್ನೇ ಮರೆತು ಬಂದಿದ್ದಳು.

ಹೆಮ್ಮೆ ಪಡಲು ಕಾರಣ ಇಲ್ಲದಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಆ ಗುಡ್ಡ ಬೋಳು ತಲೆಯ ಹಾಗಿತ್ತು. ಕಡಿಯುವವರು ಕಡಿದು, ಮೇಯಿಸುವವರು ಮೇಯಿಸಿ, ಬೊಡ್ಡೆ, ಕಲ್ಲು, ಅಲ್ಲೊಂದು ಇಲ್ಲೊಂದು ಮರ ಮಾತ್ರ ಉಳಿದಿದ್ದವು. ಊರಿನ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಸಾಲು ನಿಲ್ಲಬೇಕಾಗಿತ್ತು. ಹಿಂದಿನ ವರ್ಷವಷ್ಟೇ ಸೊಸೆಯಾಗಿ ಬಂದಿದ್ದ ಟೈಲರಮ್ಮ ಏಳು ತಿಂಗಳ ಬಸುರಿಯಾಗಿ ಆ ಸಾಲಿನಲ್ಲಿ ನಿಂತು, ತಲೆ ಸುತ್ತಿ ಕೊಡದ ಸಮೇತ ಬಿದ್ದಿದ್ದಳು. ಅವಳನ್ನು ಎತ್ತಿ ಕೂರಿಸಿದ ಅತ್ತೆ ಅಲ್ಲೇ, ಆ ಟ್ಯಾಂಕರಿನ ಮುಂದೆಯೇ, ಗುಡ್ಡದ ಕಡೆ ಕೈ ತೋರಿಸಿ, "ಇನ್ಮೇಲೆ ಅಲ್ಲಿ ಒಂದು ಕಡ್ಡಿ ಮುರಿದವರ ಕೈ ಮುರೀತೀನಿ" ಎಂದರು. ಅತ್ತೆ ಅಂದರೆ ಅಂದರು. ಊರನ್ನೆಲ್ಲ ಎಬ್ಬಿಸಿ, ಸರ್ಕಾರದಿಂದ ಹದಿನೆಂಟು ವರ್ಷಕ್ಕೆ ಕಾಗದ ಮಾಡಿಸಿಕೊಂಡು, ಗುಡ್ಡವನ್ನು ಅರವತ್ತು ಪಾಲು ಮಾಡಿದರು. ಮನೆಗೊಂದು ಪಾಲು, ಪಾಲಿಗೆ ಚಿಗುರಿ ಮರವಾಗಬೇಕಾದ ನಲವತ್ತು ಬೊಡ್ಡೆ. ಕಾವಲಿಗೆ ಒಂದೇ ಒಂದು ಸೀಟಿ. ಯಾರ ಮನೆಯ ಚಿಲಕಕ್ಕೆ ಆ ಸೀಟಿ ನೇತುಬಿದ್ದಿದೆಯೋ ಅವತ್ತು ಅವರು ಗುಡ್ಡ ಹತ್ತಬೇಕು, ಸಂಜೆ ಪಕ್ಕದ ಮನೆಯ ಚಿಲಕಕ್ಕೆ ಅದನ್ನು ದಾಟಿಸಬೇಕು. ಮದುವೆ ಇರಲಿ, ಜ್ವರ ಇರಲಿ, ಒಂದು ದಿನವೂ ಸರದಿ ತಪ್ಪಲಿಲ್ಲ. ಬಾವಿಗೆ ನೀರು ಬಂತು. ಜನ ತಮ್ಮ ಪಾಲಿನ ಮರಗಳಿಗೆ ಅಡ್ಡಹೆಸರು ಇಟ್ಟರು. ಕಟಿಂಗ್ ಶಾಪಿನವನ ಪಾಲಿನಲ್ಲಿ ಒಂದು ವಾಲಿಕೊಂಡ ಮರಕ್ಕೆ ಸೋಮಾರಿ ಎಂದು ಹೆಸರು. ಬೇಕರಿಯವನು ಅತ್ಯಂತ ಒರಟು ತೊಗಟೆಯ ಮರಕ್ಕೆ "ಮಾವನವರು" ಎಂದು ಹೆಸರಿಟ್ಟು, ಎದುರು ಹೋದಾಗೆಲ್ಲ ಕೈ ಮುಗಿಯುತ್ತಿದ್ದ. ಹೆಂಡತಿ ಜೊತೆಗಿದ್ದ ದಿನ ಮಾತ್ರ ಮುಗಿಯುತ್ತಿರಲಿಲ್ಲ.

ಇಂಥ ಊರಿಗೆ, ಹದಿನೆಂಟು ವರ್ಷದ ಕಾಗದ ಮುಗಿಯಲು ಇನ್ನು ಐದು ತಿಂಗಳಿದೆ ಎನ್ನುವಾಗ, ಹೊಸ ಅರಣ್ಯಾಧಿಕಾರಿ ಮೇಡಂ ಕಾಡು ನೋಡಲು ಬಂದಿದ್ದರು. ಚಿಕ್ಕ ವಯಸ್ಸು, ಕೆಸರು ಮೆತ್ತಿದ ಬೂಟು, ಕಡಿಮೆ ಮಾತು. ಟೈಲರಮ್ಮನ ಜೊತೆ ಎರಡು ಗಂಟೆ ಕಾಡೆಲ್ಲ ಸುತ್ತಿ ಕೆಳಗಿಳಿದು ಬಂದು, "ಕಾಡನ್ನ ತುಂಬಾ ಚೆನ್ನಾಗಿ ಕಾದಿದ್ದೀರಿ" ಎಂದರು. ಚಪ್ಪಾಳೆ ಬಿತ್ತು. ಮೇಡಂ ಕೈ ಎತ್ತಿದರು.

"ಇರಿ, ಮುಗಿದಿಲ್ಲ. ಕಾದಿದ್ದೀರಿ, ಬೆಳೆಸಿಲ್ಲ."

ಅವರು ಹತ್ತಿರದ ಒಂದು ಮರಕ್ಕೆ ಅಂಗೈ ಇಟ್ಟು ತಳ್ಳಿದರು. ಅಷ್ಟೆತ್ತರದ ಮರ ತುದಿಯವರೆಗೂ ಅಲುಗಿತು. "ನೋಡಿ, ಎಲ್ಲ ಮರಾನೂ ಬಿಸಿಲಿಗೋಸ್ಕರ ಒಂದರ ಮೇಲೊಂದು ಬಿದ್ದು ಮೇಲಕ್ಕೆ ಹೋಗಿವೆ. ಸೊಂಟ ಇಲ್ಲ, ಬೇರಿಗೆ ಜಾಗ ಇಲ್ಲ. ಕೆಳಗೆ ಬಿಸಿಲೇ ಬೀಳ್ತಿಲ್ಲ, ಹೊಸ ಸಸಿ ಹುಟ್ಟಿಲ್ಲ. ನಾಲ್ಕಕ್ಕೊಂದು ಮರ ತೆಗೀಬೇಕು ಅಂತ ನಿಮ್ಮ ಕಾಗದದಲ್ಲೇ ಬರೆದಿದೆ. ಏಳು ವರ್ಷದಿಂದ ಒಂದನ್ನೂ ತೆಗೆದಿಲ್ಲ ನೀವು. ಮಳೆಗಾಲ ಮುಗಿದ ಮೇಲೆ ಬರ್ತೀನಿ. ಎಷ್ಟು ಕಡಿದ್ರಿ ಅಂತ ಕೇಳಲ್ಲ. ಹತ್ತು ಹೆಜ್ಜೆಗೆ ಒಂದು ಸಸಿ ತೋರಿಸಿ, ಇನ್ನಿಪ್ಪತ್ತು ವರ್ಷ ಕಾಡು ನಿಮ್ಮದು. ಇಲ್ಲಾಂದ್ರೆ ಇಲಾಖೆ ವಾಪಸ್ ತಗೊಂಡು ಗುತ್ತಿಗೆದಾರರಿಗೆ ಕೊಡುತ್ತೆ. ಅವರು ಯಂತ್ರ ತಂದು ಸಾಲು ಸಾಲೇ ಉರುಳಿಸ್ತಾರೆ. ನನ್ನ ಕೈಲಿ ಏನೂ ಇರಲ್ಲ."

ಕೇಕು ಕತ್ತರಿಸಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಮೇಡಮ್ಮೇ ಒಂದು ತುಂಡು ತಿಂದು, "ಚೆನ್ನಾಗಿದೆ" ಎಂದು ಜೀಪು ಹತ್ತಿದರು.

ಆ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವಳು ಟೈಲರಮ್ಮ. ಏಕೆಂದರೆ ಆ ಏಳು ವರ್ಷವೂ ಸಮಿತಿಯ ಪುಸ್ತಕದಲ್ಲಿ, ಮರ ತೆಗೆಯುವ ವಿಷಯದ ಮುಂದೆ, "ಮುಂದಿನ ವರ್ಷ ನೋಡೋಣ" ಎಂದು ತನ್ನ ಕೈಯಾರೆ ಬರೆದವಳು ಅವಳೇ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ವರ್ಷಕ್ಕೊಮ್ಮೆ ಮರಗಳ ಸುತ್ತಳತೆ ತೆಗೆಯುತ್ತಿದ್ದದ್ದು ಅವಳ ಟೇಪಿನಲ್ಲೇ. ನಾಲ್ಕು ವರ್ಷದಿಂದ ಮರಗಳ ಸೊಂಟ ಒಂದು ಬೆರಳೂ ಹೆಚ್ಚಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮರಕ್ಕೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು. ಇವಳು ಟೈಲರು ನೋಡಿ, ಟೇಪು ಹಳೆಯದಾಗಿ ಹಿಗ್ಗಿದೆ ಎಂದುಕೊಂಡಳು! ಹೊಸ ಟೇಪು ತಂದಳು. ಅದರಲ್ಲೂ ಅಷ್ಟೇ ಬಂತು. ಈ ಕಂಪನಿಯ ಟೇಪೇ ಸರಿಯಿಲ್ಲ ಎಂದು ಇನ್ನೊಂದು ತಂದಳು. ಈಗ ಡ್ರಾಯರಿನಲ್ಲಿ ಮೂರು ಟೇಪು ಬಿದ್ದಿದ್ದವು, ಒಂದರದೂ ತಪ್ಪಿರಲಿಲ್ಲ.

ಅವತ್ತೇ ಸಂಜೆ ಬೇಕರಿಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಸಮಿತಿ ಸೇರಿತು. ಅಷ್ಟು ಜನ ಹಿಡಿಸುವ ಕೋಣೆ ಊರಲ್ಲಿ ಅದೊಂದೇ. ಚೀಲಗಳಿಗೆ ಒರಗಿ ಕೂತವರೆಲ್ಲ ಎದ್ದು ಹೋಗುವಾಗ ಬೆನ್ನು ಬೆಳ್ಳಗಾಗಿರುತ್ತಿತ್ತು. ಮೊದಲರ್ಧ ಗಂಟೆ ಮೇಡಂಗೆ ಬೈಗುಳ, ಆಮೇಲೆ ಸರ್ಕಾರಕ್ಕೆ, ಆಮೇಲೆ ಬಿಸಿಲಿಗೆ. ಬೈಯುವುದಕ್ಕೆ ಯಾರೂ ಉಳಿಯದೆ ಹೋದಾಗ, ಸರಿ, ನಾಲ್ಕಕ್ಕೊಂದು ತೆಗೆಯೋಣ ಎಂದು ತೀರ್ಮಾನವಾಯಿತು. ಪ್ರತಿ ಮನೆಯವರೂ ತಮ್ಮ ಪಾಲಿನಲ್ಲಿ ಹತ್ತು ಮರಕ್ಕೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು. ಟೈಲರಮ್ಮ ಅಂಗಡಿಯಲ್ಲಿದ್ದ ಲೈನಿಂಗ್ ಬಟ್ಟೆಯ ಚೂರುಗಳನ್ನೆಲ್ಲ ಕತ್ತರಿಸಿ ಆರುನೂರು ಪಟ್ಟಿ ಮಾಡಿ ಹಂಚಿದಳು. ಕತ್ತರಿ ಹಿಡಿದು ಬೆರಳಿಗೆ ಬೊಬ್ಬೆ ಬಂತು.

ಎರಡು ದಿನ ಬಿಟ್ಟು ನೋಡಲು ಹೋದರೆ, ಏನು ಹೇಳಲಿ! ಗುಡ್ಡದ ಪಾಲುಗಳೆಲ್ಲ ಹಚ್ಚ ಹಸಿರು. ಒಂದು ಪಾಲು ಮಾತ್ರ ಬುಡದಿಂದ ತುದಿಯವರೆಗೂ ಕೆಂಪು ಕೆಂಪು, ಒಂದೊಂದು ಮರಕ್ಕೂ ಹತ್ತು ಹದಿನೈದು ಪಟ್ಟಿ. ಆ ಪಾಲು ಟೈಲರಮ್ಮನದು.

ನಡೆದದ್ದು ಇಷ್ಟೇ. ತನ್ನ ಮರಕ್ಕೆ ಪಟ್ಟಿ ಕಟ್ಟಲು ಮನಸ್ಸು ಬಾರದವನು ಪಕ್ಕದವನ ಮರಕ್ಕೆ ಕಟ್ಟಿದ. ಪಕ್ಕದವನು ಅದನ್ನು ಬಿಚ್ಚಿ ಆಚೆಯವನಿಗೆ ದಾಟಿಸಿದ. ಸೀಟಿ ದಾಟಿಸಿ ದಾಟಿಸಿ ಅಭ್ಯಾಸವಾಗಿದ್ದ ಜನ ನೋಡಿ, ಪಟ್ಟಿಯನ್ನೂ ಅದೇ ದಾರಿಯಲ್ಲಿ ದಾಟಿಸಿಬಿಟ್ಟರು. ಸರದಿಯಲ್ಲಿ ಕಟ್ಟಕಡೆಯ ಪಾಲು ಟೈಲರಮ್ಮನದಾಗಿತ್ತು. ಅಲ್ಲಿಂದ ಮುಂದೆ ಬರೀ ಬಂಡೆ. ಬಂಡೆಗೆ ಯಾರು ಪಟ್ಟಿ ಕಟ್ಟುತ್ತಾರೆ?

ಅವಳು ನೋಡುತ್ತಿರುವಾಗಲೇ ಪೊದೆಯ ಹಿಂದಿನಿಂದ ಕಟಿಂಗ್ ಶಾಪಿನವನು ಬಾಯಲ್ಲಿ ನಾಲ್ಕು ಪಟ್ಟಿ ಕಚ್ಚಿಕೊಂಡು ಮೆಲ್ಲಗೆ ಬಂದ. ಎದುರಿನಿಂದ ಬೇಕರಿಯವನು ಜೇಬಲ್ಲಿ ಪಟ್ಟಿ ತುರುಕಿಕೊಂಡು ಬಂದ. ಮೂವರೂ ಮುಖಾಮುಖಿಯಾದರು.

"ಏನಣ್ಣಾ, ಇಲ್ಲಿ?" ಎಂದಳು ಟೈಲರಮ್ಮ.

ಕಟಿಂಗ್ ಶಾಪಿನವನು ಬಾಯಿ ತೆರೆಯುವಂತಿರಲಿಲ್ಲ. ಬೇಕರಿಯವನು, "ಗಾಳಿಗೆ ಹೋಗಿ ಬರೋಣ ಅಂತ ಬಂದೆ" ಎಂದ. ಜೇಬಿನಿಂದ ಪಟ್ಟಿ ಇಣುಕುತ್ತಿತ್ತು. ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು, ಬೈಯಬೇಕೆಂದೇ ಬಾಯಿ ತೆರೆದಳು, ಬಂದದ್ದು ನಗು. ನಕ್ಕು ನಕ್ಕು ಕೆಳಗೆ ಕೂತುಬಿಟ್ಟಳು. ಆ ಇಬ್ಬರು ಕಳ್ಳರೂ ಕೂತು ನಕ್ಕರು.

ನಗು ನಿಂತ ಮೇಲೆ ಅವಳಿಗೆ ಹೆದರಿಕೆಯಾಯಿತು. ಹೀಗೇ ಆದರೆ ಕಾಡು ಹೋದ ಹಾಗೆಯೇ ಎನಿಸಿತು. ಮನೆಗೆ ಬಂದು, "ಅತ್ತೆ, ನಿಮ್ಮ ಪಟ್ಟಿ ಏನು ಮಾಡಿದ್ರಿ?" ಎಂದು ಕೇಳಿದಳು. ಕಾಗದದಲ್ಲಿ ಬೇರೆ ಮನೆಯೆಂದು ಬರೆಸಿದ್ದರಿಂದ ಅತ್ತೆಯವರಿಗೆ ಬೇರೆ ಪಾಲು, ಊರಿಗೇ ಮೊದಲನೆಯದು. ಅವರು ಅಂಗಡಿಯ ಮೂಲೆಯಲ್ಲಿ ಕೂತು ರವಿಕೆಗಳಿಗೆ ಗುಂಡಿ ಹೊಲಿಯುತ್ತಿದ್ದರು. ತಲೆಯೆತ್ತದೆ, "ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯ್ತು" ಎಂದರು.

ಮತ್ತೆ ಹಿಟ್ಟಿನ ಕೋಣೆಯಲ್ಲಿ ಸಭೆ. ಈ ಸಲ ಟೈಲರಮ್ಮ ಯಾರನ್ನೂ ಬೈಯಲಿಲ್ಲ. ಮೂರು ಟೇಪುಗಳನ್ನೂ ತಂದು ಎಲ್ಲರ ಮುಂದೆ ಇಟ್ಟು, ನಡೆದದ್ದೆಲ್ಲ ಹೇಳಿಕೊಂಡಳು. "ತಪ್ಪು ನಂದು. ಮರ ಬೆಳೀತಿಲ್ಲ ಅಂತ ನಾಲ್ಕು ವರ್ಷದ ಹಿಂದೇನೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗೋದು ಬೇಡ ಅಂತ ಟೇಪಿನ ಮೇಲೆ ಹಾಕಿದೆ. ನಿಮ್ಮ ಹಾಗೇ ನನಗೂ ಕಡಿಯೋಕೆ ಮನಸ್ಸಿರಲಿಲ್ಲ" ಎಂದಳು.

ಕಟಿಂಗ್ ಶಾಪಿನವನೇ ತಲೆ ಕೆರೆದುಕೊಂಡು ಹೇಳಿದ, "ಅಕ್ಕಾ, ನಮಗೆ ಕಾಯೋಕೆ ಬರುತ್ತೆ. ಯಾವುದನ್ನ ಇಟ್ಕೋಬೇಕು, ಯಾವುದನ್ನ ತೆಗೀಬೇಕು ಅಂತ ಆರಿಸೋಕೆ ಬರಲ್ಲ. ಅದು ಬರೋದು ಈ ಊರಲ್ಲಿ ಒಬ್ಬರಿಗೇ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಎದ್ದು, ಸೀರೆಯ ಹಿಟ್ಟು ಕೊಡವಿಕೊಂಡು, ಹೊರಟೇಹೋದರು.

ಆ ಒಬ್ಬರು ಗರಗಸದ ಮಾವ. ಅತ್ತೆಯ ಒಡಹುಟ್ಟಿದ ತಮ್ಮ. ಅವರ ಮನೆ ಅದೇ ಬೀದಿಯಲ್ಲಿ ನಾಲ್ಕು ಬಾಗಿಲು ಆಚೆ. ಒಂದು ಕಾಲಕ್ಕೆ ಸುತ್ತ ಹತ್ತೂರಿನಲ್ಲಿ ಮರ ಬೀಳಿಸಬೇಕೆಂದರೆ ಅವರನ್ನೇ ಕರೆಯಬೇಕಿತ್ತು. ಕಾವಲು ಶುರುವಾದ ಮೊದಲ ವಾರವೇ ಯಾರದೋ ಬಾಗಿಲಿಗೆಂದು ಅವರು ಗುಡ್ಡದ ಮೇಲೆ ಉಳಿದಿದ್ದ ಒಂದು ಮರಕ್ಕೆ ಗರಗಸ ಇಟ್ಟಿದ್ದರು. ಅವತ್ತು ಸೀಟಿ ಇದ್ದದ್ದು ಅಕ್ಕನ ಕೈಯಲ್ಲಿ. ತಮ್ಮ ಎಂದು ಕಂಡರೂ ಊದಿದರು. ಇಡೀ ಊರು ಓಡಿ ಬಂದು ಅವರನ್ನು ಸುತ್ತಿಕೊಂಡಿತು. ಅಂದಿನಿಂದ ಅವರು ಗರಗಸವನ್ನು ಗೋಡೆಗೆ ತೂಗುಹಾಕಿ, ಕುರ್ಚಿ ಬಾಗಿಲು ರಿಪೇರಿ ಮಾಡಿಕೊಂಡು ಇದ್ದುಬಿಟ್ಟರು. ಅಕ್ಕ ತಮ್ಮ ಎದುರು ಸಿಕ್ಕರೆ ಇಬ್ಬರೂ ಆಕಾಶ ನೋಡಿಕೊಂಡು ದಾಟುತ್ತಿದ್ದರು. ಹದಿನೆಂಟು ವರ್ಷ, ಒಂದು ಮಾತಿಲ್ಲ.

ಮರುದಿನ ಟೈಲರಮ್ಮ ಹೋದಾಗ ಅವರು ಒಂದು ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ಮರದ ಸುರುಳಿಗಳು ಪಾದ ಮುಚ್ಚುವಷ್ಟು ಬಿದ್ದಿದ್ದವು.

"ಮಾವ, ಒಂದು ಕೆಲಸ ಆಗಬೇಕಿತ್ತು."

"ಬಾಗಿಲಾ, ಕಿಟಕಿಯಾ?"

"ಕಾಡು."

ಉಜ್ಜುಗೊರಡು ನಿಂತಿತು. ಮಾವ ಹಣೆಯ ಬೆವರು ಒರೆಸಿಕೊಂಡರು. "ಗೊತ್ತಾಯ್ತು, ಊರೆಲ್ಲ ಅದೇ ಮಾತು. ನೋಡಮ್ಮಾ, ನನಗೆ ಕೋಪ ಏನಿಲ್ಲ. ಅಕ್ಕ ಅವತ್ತು ಮಾಡಿದ್ದು ಸರಿಯಾಗೇ ಇತ್ತು. ಆದ್ರೆ ಆಮೇಲೆ ಒಂದು ಸಲ ಬಂದು, ಊಟ ಆಯ್ತೇನೋ ಅಂತ ಕೇಳಬಹುದಿತ್ತಲ್ಲ? ಅವಳು ಇಲ್ಲಿ, ಈ ಹೊಸ್ತಿಲ ಹತ್ರ ನಿಂತು, ಬಾರೋ ಅಂತ ಒಂದು ಮಾತು ಕರೀಲಿ. ಅಷ್ಟೇ ಸಾಕು ನನಗೆ."

ಅತ್ತೆಗೆ ಹೇಳಿದರೆ ಏನಾಗುತ್ತದೆ ಎಂದು ಟೈಲರಮ್ಮನಿಗೆ ಗೊತ್ತೇ ಇತ್ತು, ಹಾಗೇ ಆಯಿತು. "ನಾನಾ? ಅವನ ಹೊಸ್ತಿಲಿಗಾ? ನನ್ನ ಹೆಣ ಹೋಗುತ್ತೆ!" ಎಂದು ದಾರ ಹಲ್ಲಲ್ಲಿ ಕಡಿದರು.

ಟೈಲರಮ್ಮ ವಾದಕ್ಕೆ ಇಳಿಯಲಿಲ್ಲ. "ಹೋಗ್ಲಿ ಬಿಡಿ ಅತ್ತೆ. ನಾಳೆ ನಿಮ್ಮ ಪಾಲಿಗೆ ಹೋಗೋಣ. ನಲವತ್ತು ಮರದ ಕೆಳಗೆ ಒಂದೇ ಒಂದು ಸಸಿ ತೋರಿಸಿ. ತೋರಿಸಿದ್ರೆ ಇಲ್ಲಿ ಒಂದು ಮರಾನೂ ಕಡಿಯಲ್ಲ ಅಂತ ನಾನೇ ಮೇಡಂಗೆ ಕಾಗದ ಬರೀತೀನಿ" ಎಂದಳು.

"ಒಂದೇನು, ನೂರು ತೋರಿಸ್ತೀನಿ ಬಾ."

ಬೆಳಗ್ಗೆ ಎಂಟಕ್ಕೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಹುಡುಕಲು ಶುರು ಮಾಡಿದರು. ಮೊದಲು ನಿಂತು, ಆಮೇಲೆ ಬಗ್ಗಿ, ಆಮೇಲೆ ಮೊಣಕಾಲೂರಿ. ಒಣಗಿದ ಎಲೆಗಳನ್ನು ಕೈಯಿಂದ ಸರಿಸಿ ಸರಿಸಿ ನೋಡಿದರು. ಎಲೆಯ ಕೆಳಗೆ ಎಲೆ, ಅದರ ಕೆಳಗೆ ಇನ್ನೊಂದು ವರ್ಷದ ಎಲೆ, ಅದರ ಕೆಳಗೆ ಮಣ್ಣು. ಒಂದು ಕಡೆ ಏನೋ ಹಸಿರು ಕಂಡು ಹಿಗ್ಗಿ ಕೂಗಿದರು, ಹತ್ತಿರ ಹೋದರೆ ಯಾವುದೋ ಹಳೆಯ ಪ್ಲಾಸ್ಟಿಕ್ ಮುಚ್ಚಳ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಒಂದು ಮರಕ್ಕೆ ಒರಗಿ ಕೂತರು. ಕೂದಲಲ್ಲೆಲ್ಲ ಕಸ. ಟೈಲರಮ್ಮ ನೀರಿನ ಬಾಟಲಿ ಕೊಟ್ಟಳು.

"ಒಂದೂ ಇಲ್ವಲ್ಲೇ" ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಸೊಸೆ ಹಿಂದೆಂದೂ ಕೇಳಿರಲಿಲ್ಲ. "ಇಷ್ಟು ದೊಡ್ಡ ಸಂಸಾರ, ತೊಟ್ಟಿಲು ತೂಗೋಕೆ ಒಂದು ಕೂಸಿಲ್ಲ. ಇವೆಲ್ಲ ಒಟ್ಟಿಗೆ ಮುದಿಯಾಗಿ ಒಟ್ಟಿಗೆ ಹೋಗಿಬಿಟ್ರೆ? ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ, ನೆಲ ನೋಡಲೇ ಇಲ್ಲ ನಾನು."

ಅತ್ತು ಮುಗಿಸಿ, ಬಾಟಲಿಯ ನೀರಿನಲ್ಲೇ ಮುಖ ತೊಳೆದುಕೊಂಡು, ಅತ್ತೆ ಸರಸರನೆ ಗುಡ್ಡ ಇಳಿದರು. ಟೈಲರಮ್ಮ ಓಡೋಡಿ ಹಿಂದೆ ಹೋದಳು. ಮನೆಯ ಮುಂದೆ ನಿಲ್ಲಲಿಲ್ಲ, ನಾಲ್ಕು ಬಾಗಿಲು ದಾಟಿ ತಮ್ಮನ ಹೊಸ್ತಿಲಲ್ಲೇ ನಿಂತರು.

"ಏಯ್, ಏಳೋ. ಗರಗಸ ತಗೊಂಡು ಬಾ."

ಮಾವ ಉಳಿ ಕೆಳಗಿಟ್ಟರು. ಅಕ್ಕನ ತಲೆಯಲ್ಲಿದ್ದ ಕಸ, ಮೊಣಕಾಲ ಮಣ್ಣು, ಕೆಂಪಗಿನ ಕಣ್ಣು ಎಲ್ಲ ನೋಡಿದರು. ಹೀಗೆ ಕರೆದರೆ ಹಾಗೆ ಹೇಳಬೇಕು ಎಂದು ಹದಿನೆಂಟು ವರ್ಷದಿಂದ ಏನೇನೋ ಕೂಡಿಟ್ಟುಕೊಂಡಿದ್ದರೋ ಏನೋ, ಒಂದೂ ಬಾಯಿಗೆ ಬರಲಿಲ್ಲ.

"ಚಾ ಕುಡಿದು ಹೋಗೋಣ ಅಕ್ಕಾ. ಇಷ್ಟು ವರ್ಷ ಆಯ್ತು, ಇನ್ನು ಹತ್ತು ನಿಮಿಷಕ್ಕೇನು" ಎಂದರು.

"ಸಕ್ಕರೆ ಕಮ್ಮಿ ಹಾಕು" ಎಂದು ಅತ್ತೆ ಒಳಗೆ ಹೋಗಿ ಕೂತರು. ಟೈಲರಮ್ಮ ಹೊರಗೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾ ಕೊನೆಗೂ ಅವಳೇ ಮಾಡಬೇಕಾಯಿತು, ಆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಮಾವನಿಗೇ ಗೊತ್ತಿರಲಿಲ್ಲ.

ಆಮೇಲಿನ ಕೆಲಸ ನೋಡಬೇಕಿತ್ತು ನೀವು. ಮಾವ ಪಾಲಿಂದ ಪಾಲಿಗೆ ನಡೆದು, ಪ್ರತಿ ಮರದ ಕೆಳಗೂ ನಿಂತು ಮೇಲೆ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಇದು ರೋಗದ್ದು, ಇದು ಎರಡರ ನಡುವೆ ಸಿಕ್ಕಿಕೊಂಡದ್ದು, ಇದರಲ್ಲಿ ಗೂಡಿದೆ, ಮುಟ್ಟಬೇಡಿ. ಅಂಗಲಾಚಿದವರಿಗೆ ಸೊಪ್ಪು ಹಾಕಲಿಲ್ಲ. ಸೋಮಾರಿಗೆ ಗುರುತು ಬಿತ್ತು. ಕಟಿಂಗ್ ಶಾಪಿನವನು ಅದನ್ನು ತಬ್ಬಿಕೊಂಡು, "ನನ್ನನ್ನೂ ಸೇರಿಸಿ ಕುಯ್ಯಿರಿ" ಎಂದ. "ಸರಿ, ಅಲ್ಲಾಡಬೇಡ" ಎಂದು ಮಾವ ಗರಗಸ ಎತ್ತಿದ್ದೇ ತಡ, ಕಾಲಿಗೆ ಬುದ್ಧಿ ಹೇಳಿದ. ಬೇಕರಿಯವನೇ ಮುಂದೆ ಬಂದು, "ನಮ್ಮ ಮಾವನವರನ್ನ ಮೊದಲು ತೆಗೀರಿ" ಎಂದಿದ್ದ. ಗರಗಸ ತೊಗಟೆಗೆ ತಾಗುವಷ್ಟರಲ್ಲಿ, "ಬೇಡ ಬೇಡ, ಇರಲಿ ಪಾಪ, ಅಭ್ಯಾಸ ಆಗಿಹೋಗಿದ್ದಾರೆ" ಎಂದು ಅಡ್ಡ ಬಂದ. ಆ ಮರಕ್ಕೆ ಗುರುತೇ ಇರಲಿಲ್ಲ, ಮಾವ ಸುಮ್ಮನೆ ಆಟ ಆಡಿಸಿದ್ದರು.

ಗರಗಸ ಜೋಡಿಯದು, ಆ ಕಡೆಗೊಬ್ಬರು ಈ ಕಡೆಗೊಬ್ಬರು ಬೇಕು. ಮೊದಲನೆಯ ಮರಕ್ಕೆ ಆ ಕಡೆ ಹಿಡಿಯಲು ಯಾರಿಗೂ ಧೈರ್ಯ ಬರಲಿಲ್ಲ. ಅದು ಅತ್ತೆಯ ಪಾಲಿನ ಮರ. ಅತ್ತೆಯೇ ಹೋಗಿ ಹಿಡಿ ಹಿಡಿದರು.

"ಎಳಿ ಅಕ್ಕಾ, ತಳ್ಳಬೇಡ. ನೀನು ಎಳೆದಾಗ ನಾನು ಸುಮ್ಮನಿರ್ತೀನಿ, ನಾನು ಎಳೆದಾಗ ನೀನು ಸುಮ್ಮನಿರಬೇಕು."

"ಸುಮ್ಮನಿರೋದು ನನಗೆ ಬರಲ್ಲ ಅಂತ ಗೊತ್ತಲ್ಲೋ ನಿನಗೆ."

"ಗೊತ್ತಿರೋದಕ್ಕೇ ಹೇಳಿದ್ದು."

ಅರವತ್ತು ಮನೆಯವರ ಮುಂದೆ ಅಕ್ಕ ತಮ್ಮ ಜಗಳವಾಡುತ್ತಲೇ ಮರ ಕೊಯ್ದರು. ಸೀಟಿ ಊದಿ ಎಲ್ಲರನ್ನೂ ದೂರ ಸರಿಸಿದ ಮೇಲೆ ಮರ ಮೆಲ್ಲಗೆ ವಾಲಿ, ಧೊಪ್ಪೆಂದು ಬಿತ್ತು. ಮೇಲೆ ಎಲೆಗಳ ನಡುವೆ ಒಂದು ಕಿಂಡಿ ತೆರೆಯಿತು. ಎಷ್ಟೋ ವರ್ಷದಿಂದ ಬಿಸಿಲು ಕಾಣದ ನೆಲದ ಮೇಲೆ ಒಂದು ಚಾಪೆಯಷ್ಟು ಬಿಸಿಲು ಬಿತ್ತು. ಜನ ಸುತ್ತ ನಿಂತು ಅದನ್ನೇ ನೋಡಿದರು. ಯಾರೋ ಹೋಗಿ ಅದರೊಳಗೆ ಪಾದ ಇಟ್ಟು, "ಬೆಚ್ಚಗಿದೆ" ಎಂದರು. ಆಮೇಲೆ ಎಲ್ಲರೂ ಸರದಿಯ ಮೇಲೆ ಪಾದ ಇಟ್ಟು ನೋಡಿದರು.

ಮರುದಿನ ಗರಗಸ ಹಿಡಿಯಲು ಜನ ಸಾಲು ನಿಂತರು. ಮಾವ ಹತ್ತು ಜೋಡಿಗೆ ಕಲಿಸಿದರು. ಬಿದ್ದ ಮರಗಳಿಂದ ಶಾಲೆಗೆ ಬೆಂಚಾಯಿತು, ಬಸ್ ನಿಲ್ದಾಣಕ್ಕೆ ಸೂರಾಯಿತು, ಕಟಿಂಗ್ ಶಾಪಿನ ಕಾಯುವವರಿಗೆ ಒಂದು ಒರಗುಬೆಂಚಾಯಿತು. ಅದು ಸೋಮಾರಿಯದೇ ಮೈ. ಮಳೆ ಹಿಡಿಯುವ ಮುಂಚೆ ನಾಲ್ಕಕ್ಕೊಂದು ಮರ ಇಳಿದಿತ್ತು.

ಮಳೆ ಬಂತು. ಟೈಲರಮ್ಮ ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದಳು. ಒಂದು ವಾರ, ಏನೂ ಇಲ್ಲ. ಎರಡು ವಾರ, ಕೆಸರು. ಮೂರನೆಯ ವಾರ, ಅಂಗಡಿಗೆ ಬಂದ ಹೆಂಗಸರು ಅಳತೆ ಕೊಡುತ್ತಾ, "ಮರವೂ ಹೋಯ್ತು, ಸಸಿಯೂ ಇಲ್ಲ, ಏನು ಮಾಡಿಬಿಟ್ವಿ" ಎಂದು ನಿಟ್ಟುಸಿರು ಬಿಡತೊಡಗಿದರು. ಅವಳಿಗೆ ಅನ್ನ ಸೇರಲಿಲ್ಲ. ಎರಡು ರವಿಕೆಗಳಿಗೆ ತೋಳು ತಿರುವು ಮುರುವಾಗಿ ಹೊಲಿದು ಮತ್ತೆ ಬಿಚ್ಚಿದಳು. ಇಡೀ ಊರನ್ನು ಒಪ್ಪಿಸಿದವಳು ತಾನು. ಕಾಡು ಕೈಬಿಟ್ಟರೆ ಯಾವ ಮುಖ ಇಟ್ಟುಕೊಂಡು ಈ ಬೀದಿಯಲ್ಲಿ ನಡೆಯುವುದು?

ನಾಲ್ಕನೆಯ ವಾರದ ಒಂದು ಬೆಳಗ್ಗೆ ಮಳೆ ಬಿಟ್ಟಿತ್ತು. ಮೊದಲ ಬಿಸಿಲು ಬಿದ್ದ ಜಾಗದಲ್ಲೇ, ಕೊಳೆತ ಎಲೆಯೊಂದನ್ನು ತಲೆಯ ಮೇಲೆ ಟೋಪಿಯ ಹಾಗೆ ಹೊತ್ತುಕೊಂಡು, ಎರಡೇ ಎಲೆಯ ಒಂದು ಸಸಿ ನಿಂತಿತ್ತು. ಟೈಲರಮ್ಮ ಕೊಡೆ ಬಿಸಾಡಿ ಮಂಡಿಯೂರಿದಳು. ಅದರ ಪಕ್ಕ ಇನ್ನೊಂದು. ಅದರಾಚೆ ಮೂರು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ಕೆಂಪಗಿನ ಸಣ್ಣ ಸಣ್ಣ ಕಾಂಡಗಳು ನೆಲದ ತುಂಬ! ಅವಳಿಗೆ ಎದ್ದು ಓಡಬೇಕೆನಿಸಿತು, ಆದರೆ ಎಲ್ಲಿ ಕಾಲಿಟ್ಟರೆ ಏನನ್ನು ತುಳಿಯುತ್ತೇನೋ ಎಂದು ಭಯವಾಯಿತು. ಕೂತಲ್ಲಿಂದಲೇ, "ಅತ್ತೇ! ಅತ್ತೇ!" ಎಂದು ಕಿರುಚಿದಳು. ಗುಡ್ಡದ ಮೇಲಿಂದ ಆ ಕೂಗು ಬೀದಿಗೆ ಕೇಳಿಸಿ, ಅರ್ಧ ಊರು ಬರಿಗಾಲಲ್ಲಿ ಓಡಿ ಬಂತು.

ಮಳೆಗಾಲ ಮುಗಿದು ಮೇಡಂ ಬಂದಾಗ ಯಾರೂ ಇಸ್ತ್ರಿ ಬಟ್ಟೆ ಹಾಕಿರಲಿಲ್ಲ, ಕೇಕಿರಲಿಲ್ಲ. ಎಲ್ಲರ ಮೊಣಕಾಲುಗಳಲ್ಲೂ ಮಣ್ಣಿತ್ತು. ಮೇಡಂ ಜೀಪಿನಿಂದಿಳಿದು ಕಾಡಿನೊಳಗೆ ಒಂದು ಹೆಜ್ಜೆ ಇಡಲು ಕಾಲೆತ್ತಿದರು.

"ಅಯ್ಯಯ್ಯೋ, ಅಲ್ಲಿ ಬೇಡ!" ಎಂದು ಇಪ್ಪತ್ತು ಜನ ಒಟ್ಟಿಗೆ ಕೂಗಿದರು.

ಮೇಡಂ ಕಾಲನ್ನು ಬಲಕ್ಕೆ ತಿರುಗಿಸಿದರು. "ಅಲ್ಲೂ ಬೇಡ, ಅಲ್ಲೂ ಬೇಡ!" ಎಡಕ್ಕೆ ತಿರುಗಿಸಿದರು. "ಮೇಡಂ, ಬೂಟು ಬಿಚ್ಚಿಬಿಡಿ" ಎಂದರು ಅತ್ತೆ. ಮೇಡಂ ಒಂಟಿ ಕಾಲಲ್ಲಿ ನಿಂತುಕೊಂಡೇ ಬಗ್ಗಿ ನೆಲ ನೋಡಿದರು. ಹತ್ತು ಹೆಜ್ಜೆಗೊಂದು ಸಸಿ ಕೇಳಿದ್ದವರಿಗೆ ಹೆಜ್ಜೆ ಇಡಲು ಜಾಗವಿರಲಿಲ್ಲ. ಅವರ ಮುಖದಲ್ಲಿ ನಿಧಾನವಾಗಿ ನಗು ಹರಡಿತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗರಗಸದ ಮಾವ ತೋರಿಸಿದ ಕಲ್ಲುಗಳ ಮೇಲಷ್ಟೇ ಕಾಲಿಡುತ್ತಾ, ಮರಗಳ ನಡುವೆ ಒಂದು ಗಂಟೆ ಸುತ್ತಿದರು. ಎಣಿಸಲು ಶುರು ಮಾಡಿ ಇನ್ನೂರಕ್ಕೆ ಕೈಬಿಟ್ಟರು. ಊರಿನವರೆಲ್ಲ ಹಿಂದೆ ಹಿಂದೆ, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಕಾಲಿಟ್ಟುಕೊಂಡು.

ಕಾಡಿನ ನಡುವೆಯೇ ಮೇಡಂ ಚೀಲದಿಂದ ಕಾಗದ ತೆಗೆದು, ಕಟಿಂಗ್ ಶಾಪಿನವನ ಬೆನ್ನ ಮೇಲಿಟ್ಟು ಸಹಿ ಹಾಕಿ, ಟೈಲರಮ್ಮನ ಕೈಗೆ ಕೊಟ್ಟರು. "ಇಪ್ಪತ್ತು ವರ್ಷ. ಕಾಡು ನಿಮ್ಮದೇ" ಎಂದರು. "ಏಳೆಂಟು ವರ್ಷಕ್ಕೆ ಇವನ್ನೂ ನಾಲ್ಕಕ್ಕೊಂದು ತೆಗೀಬೇಕಾಗುತ್ತೆ, ಮರೀಬೇಡಿ."

"ತೆಗೀತೀವಿ ಮೇಡಂ" ಎಂದಳು ಟೈಲರಮ್ಮ. ಈ ಸಲ ಮುಂದಿನ ವರ್ಷ ನೋಡೋಣ ಎನ್ನಲಿಲ್ಲ.

ಕುಣಿದು ಕುಪ್ಪಳಿಸಬೇಕು ಎನಿಸಿತು ಎಲ್ಲರಿಗೂ. ಕಟಿಂಗ್ ಶಾಪಿನವನಂತೂ ಎಗರಲು ಮೈ ಬಗ್ಗಿಸಿಯೂಬಿಟ್ಟಿದ್ದ. ಅತ್ತೆ ಹಿಂದಿನಿಂದ ಅವನ ಅಂಗಿ ಹಿಡಿದು, "ಎಗರಿದ್ರೆ ಎಲ್ಲಿ ಇಳೀತೀಯೋ?" ಎಂದರು. ಎಲ್ಲರೂ ಕೆಳಗೆ ನೋಡಿದರು. ಹೌದು, ಎಲ್ಲಿ ಇಳಿಯುವುದು? ಚಪ್ಪಾಳೆ ತಟ್ಟಲೂ ಒಬ್ಬರಿಗೊಬ್ಬರು ತಾಗಿ ತೂಕ ತಪ್ಪುವ ಹಾಗಿತ್ತು. ನೂರಾರು ಜನ, ಹೊಟ್ಟೆಯೊಳಗೆ ಅಷ್ಟು ದೊಡ್ಡ ಖುಷಿ ಇಟ್ಟುಕೊಂಡು, ಬಾಯಿ ಬಿಗಿಹಿಡಿದು, ಒಬ್ಬರ ಹೆಗಲು ಒಬ್ಬರು ಹಿಡಿದು, ಮೆಲ್ಲಗೆ ಒಂದೇ ಸಾಲಿನಲ್ಲಿ ಗುಡ್ಡ ಇಳಿಯತೊಡಗಿದರು. ನಡುನಡುವೆ ಯಾರಿಗೋ ನಗು ತಡೆಯಲಾಗದೆ ಮೂಗಿನಿಂದ ಬರುತ್ತಿತ್ತು.

ಎಲ್ಲರಿಗಿಂತ ಹಿಂದೆ ಅತ್ತೆ, ತಮ್ಮನ ಕೈ ಹಿಡಿದುಕೊಂಡು. ಅವರ ಮುಂದೆ ಕಾಗದವನ್ನು ಎದೆಗೊತ್ತಿಕೊಂಡ ಟೈಲರಮ್ಮ. "ಹದಿನೆಂಟು ವರ್ಷ ಇಲ್ಲಿ ಕಣ್ಣು ಮುಚ್ಕೊಂಡು ನಡೀತಿದ್ದೆ ಕಣೇ" ಎಂದು ಅತ್ತೆ ಹಿಂದಿನಿಂದ ಹೇಳಿದರು. "ಈಗ ನೋಡು, ಕಾಲಿಡೋಕೆ ಜಾಗ ಇಲ್ಲ."

ಮೊದಲ ಪಾದ ಟಾರು ರಸ್ತೆಗೆ ತಾಗಿದ ಕ್ಷಣ ನೋಡಿ, ಶುರುವಾಯಿತು ಗದ್ದಲ! ಇಳಿದಿಳಿದವರೆಲ್ಲ ರಸ್ತೆಯ ನಡುವೆಯೇ ಕೂಗಿ, ತಬ್ಬಿ, ಎಗರತೊಡಗಿದರು. ಮೇಡಂ ಬೂಟುಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿದರು. ಎದುರು ಬಂದ ಬಸ್ಸು ನಿಂತಿತು, ಹಾರ್ನ್ ಒತ್ತಲು ಕೈಯೆತ್ತಿದ ಡ್ರೈವರು ಹಾಗೇ ಕೈ ಇಳಿಸಿ ನಗುತ್ತಾ ಕೂತ. ಅತ್ತೆಗೂ ಮಾವನಿಗೂ ಇಳಿಯಲು ತಡವಾಯಿತು. ರಸ್ತೆಗೆ ಕಾಲಿಟ್ಟ ಮೇಲೆ ಇಬ್ಬರೂ ಎರಡೂ ಕೈ ಕೂಡಿಸಿಕೊಂಡು, ಒಬ್ಬರನ್ನೊಬ್ಬರು ಎಳೆಯುತ್ತಾ, ಚಿಕ್ಕ ಮಕ್ಕಳ ಹಾಗೆ ಗಿರ್ರೆಂದು ತಿರುಗಿದರು. ಟೈಲರಮ್ಮ ಅಳುತ್ತಾ ನಗುತ್ತಾ ಅವರ ನಡುವೆ ನುಗ್ಗಿದಳು.